ಕಾಲೇಜು ಮೊದಲು, ವಿಶ್ವವಿದ್ಯಾಲಯ ಆಮೇಲೆ

ಧಾರವಾಡದ ಮಟ್ಟಿಗೆ ಕಾಲೇಜು ಮೊದಲು ಹುಟ್ಟಿತು, ವಿಶ್ವವಿದ್ಯಾಲಯ ಬಂದದ್ದು ಮೂರು ದಶಕಗಳ ನಂತರ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಆ ಹೆಸರಿನ ರಾಜ್ಯವೇ ಇರಲಿಲ್ಲ. ಮುಂಬೈ ಪ್ರಾಂತದ ಅಂಚಿನಲ್ಲಿದ್ದ ಈ ಭಾಗದ ಹುಡುಗರು ಪದವಿಗಾಗಿ ಪುಣೆ, ಮುಂಬೈಗಳ ದಾರಿ ಹಿಡಿಯುತ್ತಿದ್ದ ಆ ಕಾಲದಲ್ಲಿ, ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಜನರಿಂದ ವಂತಿಗೆ ಕೂಡಿಸಿ, ಸರ್ಕಾರವನ್ನು ಒಪ್ಪಿಸಿ ಅದನ್ನು ಕಟ್ಟಿದರು. ಪಾಠ ಧಾರವಾಡದಲ್ಲಿ ನಡೆದರೂ ಪರೀಕ್ಷೆ ಮತ್ತು ಪದವಿ ಮಾತ್ರ ಮುಂಬೈ ವಿಶ್ವವಿದ್ಯಾಲಯದ್ದಾಗಿದ್ದವು.

ಕರ್ನಾಟಕ ವಿಶ್ವವಿದ್ಯಾಲಯ (ಕವಿವಿ) 1949ರಲ್ಲಿ ಸ್ಥಾಪನೆಯಾದದ್ದೂ ಮುಂಬೈಯಲ್ಲಿಯೇ; ಮರುವರ್ಷ ಅದು ಧಾರವಾಡಕ್ಕೆ ಬಂದಿತು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಪದವಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ರ‍್ಯಾಂಗ್ಲರ್ ಆಗಿದ್ದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆವರಣ ಇಂದಿನ ರೂಪ ತಾಳಿದ್ದರಲ್ಲಿ ಅವರ ಪಾಲು ಬಹಳ ದೊಡ್ಡದು.

ಕವಿವಿಯ ರಚನೆಯಲ್ಲಿ ಮೂರು ಪದರಗಳಿವೆ: ಆವರಣದ ಸ್ನಾತಕೋತ್ತರ ವಿಭಾಗಗಳು; ಕರ್ನಾಟಕ ಕಲಾ ಕಾಲೇಜು, ವಿಜ್ಞಾನ ಕಾಲೇಜು, ಸಂಗೀತ ಕಾಲೇಜುಗಳಂಥ, ವಿಶ್ವವಿದ್ಯಾಲಯವೇ ನಡೆಸುವ ಘಟಕ ಕಾಲೇಜುಗಳು; ಬೇರೆಯವರು ನಡೆಸಿದರೂ ಪರೀಕ್ಷೆ, ಪದವಿಗಳಿಗೆ ವಿಶ್ವವಿದ್ಯಾಲಯಕ್ಕೆ ಸೇರಿದ, ಹೊರಗಿನ ಊರುಗಳಲ್ಲಿರುವ ಸಂಯೋಜಿತ ಕಾಲೇಜುಗಳು. ರಾಜ್ಯಪಾಲರು ಕುಲಾಧಿಪತಿಗಳು, ಆಡಳಿತ ಸಿಂಡಿಕೇಟ್ ಎಂಬ ಕಾರ್ಯಕಾರಿ ಮಂಡಳಿಯದು, ಪಠ್ಯಕ್ರಮದ ಅಂತಿಮ ಮಾತು ವಿದ್ಯಾವಿಷಯಕ ಪರಿಷತ್ತಿನದು. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯವನ್ನು ಮಾದರಿಯಾಗಿಟ್ಟುಕೊಂಡು ಹುಟ್ಟಿದ ಮುಂಬೈ ವಿಶ್ವವಿದ್ಯಾಲಯದಿಂದ, ಕಾಲೇಜು ಕಲಿಸಬೇಕು, ವಿಶ್ವವಿದ್ಯಾಲಯ ಪರೀಕ್ಷಿಸಬೇಕು ಎಂಬ ಪದ್ಧತಿ ನಮಗೆ ಬಳುವಳಿಯಾಗಿ ಬಂದಿದೆ. ಆಕ್ಸ್‌ಫರ್ಡ್‌ನಲ್ಲಿಯೂ ಪರೀಕ್ಷೆ ವಿಶ್ವವಿದ್ಯಾಲಯದ್ದೇ. ಆದರೆ ಅಲ್ಲಿಯ ಕಾಲೇಜುಗಳು ಸ್ವಂತ ಆಸ್ತಿ, ಸ್ವಂತ ಆಡಳಿತ ಉಳ್ಳವು, ಮತ್ತು ಅಲ್ಲಿಯ ಅಧ್ಯಾಪಕರಲ್ಲಿ ಅನೇಕರು ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಏಕಕಾಲಕ್ಕೆ ಸೇರಿದವರು. ನಮ್ಮಲ್ಲಿ ಆ ಕೊಂಡಿ ಇಲ್ಲ. ಗದಗದ ಸಂಯೋಜಿತ ಕಾಲೇಜೊಂದರಲ್ಲಿ ಓದಿದ ನನಗೆ, ಪದವಿ ಮುಗಿಯುವವರೆಗೂ ವಿಶ್ವವಿದ್ಯಾಲಯವೆಂದರೆ ಹಾಲ್ ಟಿಕೆಟ್ ಮತ್ತು ಅಂಕಪಟ್ಟಿ, ಅಷ್ಟೇ.

ಈ ಅಂತರ ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ಗುಡ್ಡದ ಮೇಲಿರುವ ಸಂಪತ್ತು ಸಣ್ಣದಲ್ಲ. ವಿಶ್ವವಿದ್ಯಾಲಯಕ್ಕಿಂತ ಹಳೆಯದಾದ, 1939ರ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಶಾಸನಗಳೂ ಶಿಲ್ಪಗಳೂ ಇವೆ. ಕಲ್ಲಿನ ಮೇಲಿನ ಹಳಗನ್ನಡ ಅಕ್ಷರವನ್ನು ಓರೆ ಬೆಳಕಿನಲ್ಲಿ ಬೆರಳಾಡಿಸುತ್ತ ಓದುವುದನ್ನು ನಾನು ಕಂಡದ್ದು ಎಂ.ಎ.ಗೆ ಬಂದ ಮೇಲೆಯೇ. ಲಕ್ಕುಂಡಿಯ ಗುಡಿಗಳಿಗೆ ಅಷ್ಟು ಹತ್ತಿರದ ಗದಗದಲ್ಲಿ ಕುಳಿತೂ ಚಾಲುಕ್ಯರ ವಾಸ್ತುಶಿಲ್ಪವನ್ನು ನೋಟ್ಸಿನಿಂದ ಬಾಯಿಪಾಠ ಮಾಡಿದವರು ನಾವು.

1980ರಲ್ಲಿ ಕಲಬುರಗಿಯಲ್ಲಿ, 2010ರಲ್ಲಿ ಬೆಳಗಾವಿಯಲ್ಲಿ ಬೇರೆ ವಿಶ್ವವಿದ್ಯಾಲಯಗಳಾದ ಮೇಲೆ ಕವಿವಿಯ ವ್ಯಾಪ್ತಿ ಕಿರಿದಾಗಿದೆ. ಇದನ್ನು ನಷ್ಟವೆಂದೇ ಅನೇಕರು ಎಣಿಸುತ್ತಾರೆ. ಸಂಯೋಜಿತ ಕಾಲೇಜುಗಳ ಹತ್ತಿರ ಹೋಗಲು ಇದೇ ಒಳ್ಳೆಯ ಅವಕಾಶವೆಂದು ನನಗನಿಸುತ್ತದೆ. ಮುಂಡರಗಿ, ನರಗುಂದದ ಬಿ.ಎ. ವಿದ್ಯಾರ್ಥಿಗಳಿಗೂ ಗ್ರಂಥಾಲಯದ ಕಾರ್ಡು ಸಿಗಬೇಕು, ಆವರಣದ ಪ್ರಾಧ್ಯಾಪಕರು ವರ್ಷಕ್ಕೆ ಕೆಲವು ವಾರವಾದರೂ ಆ ಕಾಲೇಜುಗಳಲ್ಲಿ ಪಾಠ ಹೇಳಬೇಕು.