ಬ್ರಿಗೇಡಿಯರ್ ನಿವೃತ್ತನಾದದ್ದು ಯಾವ ವರ್ಷ?

ನಾನು 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯ ಅಭಿಮಾನಿ ಎಂದು ತಿಳಿದವರು ಇಂದಲ್ಲ ನಾಳೆ ಕೇಳುವ ಪ್ರಶ್ನೆಯೊಂದಿದೆ. 'ಬರೆದವರು ಹಿಂದಿನದನ್ನು ಮರೆತು ತಪ್ಪು ಮಾಡಿದ್ದಾರೆ, ಅಷ್ಟೇ ತಾನೇ? ಅದನ್ನು ಒಪ್ಪಿಕೊಂಡು ಸುಮ್ಮನಿರುವುದು ಬಿಟ್ಟು, ಇಲ್ಲದ ಇಸವಿಯೊಂದನ್ನು 40 ವರ್ಷಗಳಿಂದ ಹುಡುಕುತ್ತಿದ್ದೀರಲ್ಲ, ಏಕೆ?'

ಬರೆದವರು ತಪ್ಪಿದ್ದು ನಿಜ. ಆದರೆ ಆ ಮಾತು ಸ್ಟುಡಿಯೋದಲ್ಲಿ ಏನಾಯಿತೆಂಬುದಕ್ಕೆ ಉತ್ತರವೇ ಹೊರತು ಕಥೆಯೊಳಗೆ ಏನಾಯಿತೆಂಬುದಕ್ಕಲ್ಲ. ಭಾರತ ಕಥೆಗೆ ವ್ಯಾಖ್ಯಾನ ಬರೆದವರು ಎರಡು ಪದ್ಯಗಳು ಒಂದಕ್ಕೊಂದು ಕೂಡದಿದ್ದಾಗ ಒಂದೋ ಸಮನ್ವಯ ಮಾಡುತ್ತಾರೆ, ಇಲ್ಲವೇ ಒಂದನ್ನು ಪ್ರಕ್ಷಿಪ್ತವೆಂದು ತೆಗೆದಿಡುತ್ತಾರೆ. ಕವಿಗೆ ಮರೆವು ಬಂದಿತ್ತು ಎಂದು ಹೇಳಿ ಎದ್ದುಹೋಗುವುದು ಅಪರೂಪ. ನಾವು ಮಾಡುವುದೂ ಸುಮಾರಾಗಿ ಅದನ್ನೇ.

ತಕರಾರು ಇರುವುದು ಎಲ್ಲಿ ಎಂಬುದನ್ನು ಮೊದಲು ಹೇಳಬೇಕು. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಈ ಸರಣಿಯ ನಾಯಕ, ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಕಾಲಯಾತ್ರಿ. ಅವನು ಕೆಲಕಾಲ ಇಂಗ್ಲೆಂಡಿನಲ್ಲಿ ನೆಲೆನಿಂತು, ಅನ್ಯಗ್ರಹಗಳ ದಾಳಿಯನ್ನು ಎದುರಿಸುವ ಯೂನಿಟ್ ಎಂಬ ಸೇನಾಪಡೆಗೆ ಸಲಹೆಗಾರನಾಗಿರುತ್ತಾನೆ. ಆ ಪಡೆಯ ಮುಖ್ಯಸ್ಥ ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟುವರ್ಟ್. ಪಾತ್ರಧಾರಿ ನಿಕೊಲಸ್ ಕೋರ್ಟ್ನಿ. ಆ ಕಥೆಗಳು ನಡೆದದ್ದು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಎಂಬುದೇ ವಿವಾದ.

1968ರ 'ದಿ ವೆಬ್ ಆಫ್ ಫಿಯರ್' ಕಥೆಯಲ್ಲಿ ಬ್ರಿಗೇಡಿಯರ್ ಇನ್ನೂ ಕರ್ನಲ್. ಲಂಡನ್ನಿನ ಸುರಂಗ ರೈಲುಮಾರ್ಗದಲ್ಲಿ ಯೇತಿಗಳು ಕಾಣಿಸಿಕೊಳ್ಳುವ ಆ ಕಥೆ, ಟಿಬೆಟಿನಲ್ಲಿ 1935ರಲ್ಲಿ ನಡೆದ ಘಟನೆಗೆ 40 ವರ್ಷ ದಾಟಿದ ಮೇಲಿನದು ಎಂಬ ಮಾತು ಅಲ್ಲೇ ಬರುತ್ತದೆ. ಅದೇ ವರ್ಷದ ಕೊನೆಯಲ್ಲಿ ಬಂದ 'ದಿ ಇನ್ವೇಷನ್' ಕಥೆಯಲ್ಲಿ, ಯೇತಿಗಳ ಗಲಾಟೆಯಾಗಿ 4 ವರ್ಷವಾಗಿರಬೇಕೆಂದು ಬ್ರಿಗೇಡಿಯರ್ ಹೇಳುತ್ತಾನೆ. ಕೂಡಿದರೆ 1979ರ ಆಸುಪಾಸು. 1975ರ 'ಟೆರರ್ ಆಫ್ ದಿ ಝೈಗನ್ಸ್' ಕಥೆಯಲ್ಲಿ ದೂರವಾಣಿಯಲ್ಲಿ ಪ್ರಧಾನಿಯ ಧ್ವನಿ ಕೇಳಿಸಿದ್ದೇ ಆತ ನೆಟ್ಟಗೆ ನಿಂತು 'ಮೇಡಂ' ಎನ್ನುತ್ತಾನೆ. ಬ್ರಿಟನ್ನಿಗೆ ಮಹಿಳಾ ಪ್ರಧಾನಿ ಬಂದದ್ದು 1979ರ ಮೇ ತಿಂಗಳಲ್ಲಿ. ಹಾಸ್ಯಕ್ಕೆಂದು ಸೇರಿಸಿದ ಒಂದು ಪದ ಹೀಗೆ ಸಾಕ್ಷಿಯಾಗಿ ಕುಳಿತಿದೆ.

ಇನ್ನೂ ಗಟ್ಟಿಯಾದ ಸಾಕ್ಷಿ ಅದೇ ವರ್ಷದ 'ಪಿರಮಿಡ್ಸ್ ಆಫ್ ಮಾರ್ಸ್' ಕಥೆಯದು. ಡಾಕ್ಟರನ ಸಂಗಾತಿ, ಪತ್ರಕರ್ತೆ ಸಾರಾ ಜೇನ್ ಸ್ಮಿತ್, 1911ರಲ್ಲಿ ಸಿಲುಕಿಕೊಂಡಿರುವಾಗ ತಾನು 1980ರವಳೆಂದು ಹೇಳುತ್ತಾಳೆ. ಜಗತ್ತು 1911ರಲ್ಲಿ ನಾಶವಾಗಲಿಲ್ಲವೆಂಬುದು ತನಗೆ ಗೊತ್ತೇ ಇರುವಾಗ ಇಲ್ಲಿಂದ ಹೊರಟುಬಿಡಬಹುದಲ್ಲ ಎಂಬುದು ಅವಳ ವಾದ. ಡಾಕ್ಟರ್ ಮರುಮಾತಿಲ್ಲದೆ ಯಂತ್ರವನ್ನು 1980ಕ್ಕೆ ಒಯ್ದು ಬಾಗಿಲು ತೆರೆಯುತ್ತಾನೆ. ಹೊರಗೆ ಬಿರುಗಾಳಿ, ಬರಡು ನೆಲ, ಬೇರೇನೂ ಇಲ್ಲ. ಇಬ್ಬರೂ ಹಿಂದಿರುಗಿ ಹೋರಾಡಲೇಬೇಕಾಗುತ್ತದೆ. ಸಾರಾ ಇಸವಿಯನ್ನು ದುಂಡು ಸಂಖ್ಯೆಗೆ ತಂದು ಹೇಳಿದಳೆಂಬ ಜನಪ್ರಿಯ ಸಮನ್ವಯವನ್ನು ನಾನು ಒಪ್ಪದಿರುವುದು ಈ ದೃಶ್ಯದಿಂದಾಗಿಯೇ. ಅವಳು ಬಾಯಿತಪ್ಪಿ ಹೇಳಿರಬಹುದು, ಆದರೆ ಅದು ಅವಳ ಕಾಲವಲ್ಲದಿದ್ದರೆ ಅಲ್ಲಿಗೆ ಕರೆದೊಯ್ದು ತೋರಿಸುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಈ ಲೆಕ್ಕವನ್ನೆಲ್ಲ ಕೆಡಿಸಿದ್ದು 1983ರ 'ಮಾಡ್ರಿನ್ ಅನ್‌ಡೆಡ್'. ಅದರಲ್ಲಿ ಬ್ರಿಗೇಡಿಯರ್ 1976ರಲ್ಲೇ ಸೇನೆಯಿಂದ ನಿವೃತ್ತನಾಗಿ, ಹುಡುಗರ ವಸತಿಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಾನೆ. ಹಿಂದಿನದೊಂದು ಆಘಾತದಿಂದ 1983ರ ಬ್ರಿಗೇಡಿಯರನ ನೆನಪು ಹರಿದುಹೋಗಿರುವುದರಿಂದ ಅವನ ಮಾತನ್ನು ನಂಬಬೇಕಿಲ್ಲವೆಂದು ವಾದಿಸಬಹುದಿತ್ತು. ಆದರೆ ಕಥೆ 1977ಕ್ಕೂ ಹೋಗುತ್ತದೆ. ರಾಣಿ ಎಲಿಜಬೆತ್ ಪಟ್ಟವೇರಿದ ರಜತ ಮಹೋತ್ಸವದ ಸಂದರ್ಭ ಅದು, ಆಗಲೂ ಆತ ಅದೇ ಶಾಲೆಯ ಮೇಷ್ಟ್ರು. ಎರಡು ಕಾಲದ ಇಬ್ಬರು ಬ್ರಿಗೇಡಿಯರರು ಪರಸ್ಪರ ಕೈ ಮುಟ್ಟುವುದೇ ಕಥೆಯ ಕೊನೆಯ ಕೀಲಿಯಾದ್ದರಿಂದ ಆ ಇಸವಿಗಳನ್ನು ಕಿತ್ತರೆ ಕಥೆಯೇ ಬೀಳುತ್ತದೆ.

ಇಂಥ ತಪ್ಪು ಆದದ್ದಾದರೂ ಹೇಗೆ? ವಸತಿಶಾಲೆಯ ಮೇಷ್ಟ್ರ ಆ ಪಾತ್ರಕ್ಕೆ ಮೊದಲು ಯೋಚಿಸಿದ್ದು ಬ್ರಿಗೇಡಿಯರನನ್ನಲ್ಲ, 1963ರ ಮೊದಲ ಕಂತುಗಳಲ್ಲಿದ್ದ ಇಯಾನ್ ಚೆಸ್ಟರ್ಟನ್ ಎಂಬ ಮೇಷ್ಟ್ರನ್ನು. ಸೈನಿಕನೊಬ್ಬ ಗಣಿತ ಪಾಠ ಮಾಡುವ ವಿಚಿತ್ರದ ಮೂಲ ಅಲ್ಲಿದೆ. ಹಳೆಯದನ್ನು ಹಾಕಿ ನೋಡೋಣವೆಂದರೂ ಸುಲಭವಿರಲಿಲ್ಲ. ಬಿಬಿಸಿ ಅರವತ್ತರ ದಶಕದ ಅನೇಕ ಟೇಪುಗಳನ್ನು ಅಳಿಸಿಹಾಕಿತ್ತು, 'ದಿ ವೆಬ್ ಆಫ್ ಫಿಯರ್' ಕಥೆಯ 6 ಕಂತುಗಳಲ್ಲಿ ಆಗ ಉಳಿದಿದ್ದುದು ಮೊದಲನೆಯದೊಂದೇ. 2013ರಲ್ಲಿ ನೈಜೀರಿಯಾದಿಂದ 4 ಕಂತುಗಳು ದೊರೆತವು. ಕರ್ನಲ್ ಮೊದಲ ಬಾರಿಗೆ ಮುಖ ತೋರಿಸುವ ಮೂರನೆಯ ಕಂತು ಮಾತ್ರ ದೊರೆಯಲಿಲ್ಲ, ನಮ್ಮ ದುರದೃಷ್ಟ!

ನನ್ನ ತೀರ್ಪು ಕೇಳಿದರೆ, ಯೂನಿಟ್ ಕಥೆಗಳು ಪ್ರಸಾರವಾದ ವರ್ಷಕ್ಕಿಂತ ಕೆಲವು ವರ್ಷ ಮುಂದಿನವು. ಬೇರೆ ಬೇರೆ ಕೈಗಳು ಬರೆದ ಹಲವು ಸಾಕ್ಷಿಗಳು ಒಂದೇ ಕಡೆ ಬೆರಳು ತೋರುವಾಗ ಒಂಟಿ ಸಾಕ್ಷಿಯನ್ನು, ಅದು ಎಷ್ಟೇ ಜೋರಾಗಿ ಮಾತಾಡಿದರೂ, ಪ್ರಕ್ಷಿಪ್ತವೆಂದು ಪಕ್ಕಕ್ಕಿಡುತ್ತೇನೆ. ತೆರೆಯ ಮೇಲೆ ಕಾಣುವ ಕಾರು, ಉಡುಪು, ಕೇಶಶೈಲಿಗಳೆಲ್ಲ ಅಪ್ಪಟ ಎಪ್ಪತ್ತರವೆಂಬ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ; ಅವು ಖರ್ಚಿನ ಮಾತು. ಕಾಲವೇ ಕದಲಿ ಎರಡೂ ನಿಜವಾದವೆಂಬ ಊಹೆಯಂತೂ ನನಗೆ ಸೇರದು. ಕಾಲಯಾನದ ಕಥೆಯಲ್ಲಿ ಆ ಔಷಧಿ ಎಲ್ಲ ರೋಗಕ್ಕೂ ಆಗುತ್ತದೆ, ಹಾಗಾಗಿ ಯಾವುದನ್ನೂ ವಾಸಿಮಾಡುವುದಿಲ್ಲ.

ಸರಣಿಯವರಿಗೂ ಇದೆಲ್ಲ ಗೊತ್ತು. 2008ರ ಕಥೆಯೊಂದರಲ್ಲಿ ಡಾಕ್ಟರನೇ ತಾನು ಯೂನಿಟ್‌ನಲ್ಲಿ ಕೆಲಸ ಮಾಡಿದ್ದು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಎಂದು ಗೊಂದಲಪಡುತ್ತಾನೆ. 2013ರ 'ದಿ ಡೇ ಆಫ್ ದಿ ಡಾಕ್ಟರ್' ಕಥೆಯಲ್ಲಿ ಯೂನಿಟ್‌ನ ಹೊಣೆ ಹೊತ್ತಿರುವವಳು ಬ್ರಿಗೇಡಿಯರನ ಮಗಳು ಕೇಟ್. ಅವಳು ಫೋನಿನಲ್ಲಿ ತಂದೆಯ ಹಳೆಯ ಕಡತವೊಂದನ್ನು ಕೇಳುತ್ತಾಳೆ, ಗುಪ್ತನಾಮ ಕ್ರೋಮರ್. ಹಿಂದೊಮ್ಮೆ ಬ್ರಿಗೇಡಿಯರ್ ಕಟ್ಟಡದ ಸಮೇತ ಬೇರೊಂದು ವಿಶ್ವಕ್ಕೆ ಸಾಗಿಹೋಗಿ, ಹೊರಗೆ ಇಣುಕಿ, ಇದು ಇಂಗ್ಲೆಂಡಿನ ಕ್ರೋಮರ್ ಕಡಲತೀರವೇ ಎಂದು ಹಟಹಿಡಿದಿದ್ದ. ಆ ಕಡತವನ್ನು ಯಾವ ಕಪಾಟಿನಲ್ಲಿ ಹುಡುಕಬೇಕೆಂಬುದಕ್ಕೆ ಕೇಟ್ ಕೊಡುವ ಸೂಚನೆ ಇಷ್ಟೇ: ಎಪ್ಪತ್ತರದೋ ಎಂಬತ್ತರದೋ, ನೀವು ಅನುಸರಿಸುವ ಕಾಲಗಣನೆ ಯಾವುದೋ ಅದರಂತೆ.