ನಾಯಿತಲೆ ಬಂಡೆಯ ಕೆಳಗೆ

ಹಾವೇರಿ ಸೀಮೆಯಲ್ಲಿ ಹೋರಿ ಬಿಡುವ ದಿನ ಹೆಣ್ಣುಮಕ್ಕಳ ಜಾಗ ಮಾಳಿಗೆ. ದೀಪಾವಳಿ ಬಂತೆಂದರೆ ಊರೂರಲ್ಲಿ ಅಖಾಡ ಸಜ್ಜಾಗುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಎರಡೂ ಬದಿ ನಿಂತ ಗಂಡಸರು ಆ ಕೊಬ್ಬರಿ ಹರಿಯಲು ಅದರ ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ದಾಟಿದ ಹೋರಿಯ ಹೆಸರು ವರ್ಷಗಟ್ಟಲೆ ಊರ ಬಾಯಲ್ಲಿರುತ್ತದೆ. ನಾನು ಇದನ್ನೆಲ್ಲ ಮೇಲಿನಿಂದ ನೋಡಿದವಳು. ಬೆನ್ನು ಕಾಣುತ್ತಿತ್ತು, ಧೂಳು ಕಾಣುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಅಲ್ಲಿಯೂ ನನ್ನ ಜಾಗ ಗೊತ್ತಾದದ್ದೇ: ಮುಕ್ತಾಯದ ಗೆರೆಯ ಪಕ್ಕ, ಕೈಯಲ್ಲಿ ಸ್ಟಾಪ್‌ವಾಚ್. ಅಷ್ಟು ವರ್ಷದ ನೂರು ಮೀಟರ್ ಓಟಗಳಲ್ಲಿ ನಾನು ಕಂಡದ್ದು ಕೊನೆಯ ಅರ್ಧ ಮೀಟರು.

ಹೀಗಾಗಿ 2025ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿರುವ ಮಗಳ ಮನೆಯಲ್ಲಿ ಕೂತಿದ್ದಾಗ, ಅವಳು "ಅವ್ವಾ, ಶನಿವಾರ ಇಲ್ಲೇ ಹತ್ರ ದೊಡ್ಡ ಸ್ಕೀ ರೇಸ್ ಐತಿ, ಹೋಗೂಣೇನ? ಟಿ.ವಿ.ಯಾಗ ನೋಡಿದ್ರೂ ನಡೀತೈತಿ ಮತ್ತ, ಥಂಡಿ ಭಾಳ" ಎಂದಾಗ ನಾನು ಕೇಳಿದ್ದು ಒಂದೇ ಮಾತು.

"ನಿಲ್ಲೂದು ಎಲ್ಲಿ?"

ಅವಳಿಗೆ ನಗು. ಆದರೆ ಅಳಿಯಂದಿರು ಎದ್ದು ಹೋಗಿ ನಕ್ಷೆ ತಂದರು. "ಅತ್ತೀ, ನೀವು ಕೇಳಿದ್ದು ಬರೋಬ್ಬರಿ ಪ್ರಶ್ನೆ ನೋಡ್ರಿ" ಎಂದು ಟೇಬಲ್ ಮೇಲೆ ಹಾಸಿದರು.

ರೇಸಿನ ಹೆಸರು ಲೌಬರ್‌ಹಾರ್ನ್. ವೆಂಗೆನ್ ಎಂಬ ಗುಡ್ಡದೂರಿನಲ್ಲಿ 1930ರಲ್ಲಿ ಶುರುವಾದದ್ದು. ಸ್ಕೀ ವಿಶ್ವಕಪ್ ಎಂಬುದು ಹುಟ್ಟಿದ್ದೇ 1967ರಲ್ಲಿ, ಇದು ಅದಕ್ಕಿಂತ ಹಿರಿಯದು. ಇಲ್ಲಿಯ ಡೌನ್‌ಹಿಲ್, ಅಂದರೆ ಗುಡ್ಡದ ತುದಿಯಿಂದ ಬುಡಕ್ಕೆ ಒಂದೇ ಉಸಿರಿನ ಇಳಿತ, ವಿಶ್ವಕಪ್ಪಿನಲ್ಲೇ ಉದ್ದದ್ದು: ಸುಮಾರು ನಾಲ್ಕೂವರೆ ಕಿಲೋಮೀಟರು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮ್ ನೋಡಿದವರಿಗೆ ಲೆಕ್ಕ ಸುಲಭ. ಅಂಥ ಮೂರು ಪ್ಲಾಟ್‌ಫಾರ್ಮ್ ಒಂದಕ್ಕೊಂದು ಜೋಡಿಸಿ, ಒಂದು ತುದಿಯನ್ನು ಸಾವಿರ ಮೀಟರ್ ಮೇಲಕ್ಕೆತ್ತಿ, ಹಿಮ ಸುರಿದು ಗಾಜಿನಂತೆ ಗಟ್ಟಿ ಮಾಡಿದರೆ ಅದು ಲೌಬರ್‌ಹಾರ್ನ್. ಇದನ್ನು ಎರಡೂವರೆ ನಿಮಿಷದಲ್ಲಿ ಇಳಿಯುತ್ತಾರೆ. ಹಾನೆಗ್ ಎಂಬ ನೇರ ಇಳಿಜಾರಿನಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿಲೋಮೀಟರ್ ಮುಟ್ಟಿದ್ದ. ಹಾವೇರಿ ಬೈಪಾಸಿನಲ್ಲಿ ನನ್ನ ಅಣ್ಣ ಕಾರನ್ನು ನೂರಕ್ಕೆ ಏರಿಸಿದರೆ ನಾನು ಸೀಟು ಗಟ್ಟಿ ಹಿಡಿಯುತ್ತೇನೆ. ಇವರಿಗೆ ಕಾರೂ ಇಲ್ಲ, ಸೀಟೂ ಇಲ್ಲ. ಮೈಗಂಟಿದ ತೆಳ್ಳನೆ ಬಟ್ಟೆ, ತಲೆಗೆ ಹೆಲ್ಮೆಟ್, ಕಾಲಿಗೆ ಎರಡು ಪಟ್ಟಿ.

ನಕ್ಷೆಯಲ್ಲಿ ನನ್ನ ಬೆರಳು ನಿಂತದ್ದು ಜಾಗಗಳ ಹೆಸರಿನ ಮೇಲೆ. ಒಂದು ಅಂಚಿಗೆ ಮಿನ್ಶ್ ಅಂಚು ಎಂದು ಹೆಸರು. ಯಾರೀ ಮಿನ್ಶ್? 1965ರಲ್ಲಿ ಅಲ್ಲಿ ಬಿದ್ದವನು. ಮುಂದಿನದು ಕೆನಡಿಯನ್ ಕಾರ್ನರ್: 1976ರಲ್ಲಿ ಕೆನಡಾದ ಇಬ್ಬರು ಅಲ್ಲಿ ಬಿದ್ದರು. ಅದರಾಚೆ ಕೆರ್ನೆನ್ ತಿರುವು: 1997ರಲ್ಲಿ ಸ್ವಿಸ್ಸಿನವನೇ ಆದ ಬ್ರೂನೋ ಕೆರ್ನೆನ್ ಬಿದ್ದ ಜಾಗ. ಕೆಳಗೆ ಆಸ್ಟ್ರಿಯನ್ನರ ಗುಂಡಿ: 1954ರಲ್ಲಿ ಆಸ್ಟ್ರಿಯಾದವರು ಒಬ್ಬರ ಹಿಂದೊಬ್ಬರು ಬಿದ್ದದ್ದಕ್ಕೆ ಬಂದ ಹೆಸರು. ಗೆದ್ದವರ ಹೆಸರು ಇಲ್ಲವೆಂದಲ್ಲ, 1972ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬರ್ನ್‌ಹಾರ್ಡ್ ರುಸ್ಸಿಯ ಹೆಸರಿನ ಒಂದು ಜಿಗಿತವಿದೆ. ಆದರೂ ಬಿದ್ದವರದೇ ಹೆಚ್ಚು. ನಮ್ಮಲ್ಲಿ ಇದು ನಡೆಯುವುದಿಲ್ಲ. ಅಖಾಡದಲ್ಲಿ ಬಿದ್ದು ಹಲ್ಲು ಮುರಿದುಕೊಂಡವನು ಅದನ್ನು ಬೈಕಿನಿಂದ ಬಿದ್ದೆ ಎಂದೇ ಹೇಳುತ್ತಾನೆ.

"ಗುರಿ ಮುಟ್ಟೋ ಜಾಗದಾಗ ನಿಂತ್ರ ದೊಡ್ಡ ಪರದೆ ಇರತೈತಿ, ಕುಂದ್ರಾಕ ಜಾಗ ಇರತೈತಿ" ಎಂದಳು ಮಗಳು.

"ಗೆರಿ ಪಕ್ಕ ಮೂವತ್ತು ವರ್ಷ ನಿಂತೇನವಾ. ಇನ್ನ ಸಾಕು."

ಕೊನೆಗೆ ಆರಿಸಿದ್ದು ಹುಂಡ್‌ಶೋಪ್. ಅಲ್ಲಿಯ ಆಡುಮಾತಿನಲ್ಲಿ ನಾಯಿತಲೆ. ಬಂಡೆಯ ಮೂತಿಯ ಮೇಲಿಂದ ಸ್ಕೀಯವರು ಕೆಳಕ್ಕೆ ಹಾರುವ ಜಾಗ.

ಶನಿವಾರ ಬೆಳಗಿನ ಕತ್ತಲಲ್ಲೇ ಹೊರಟೆವು. ನನ್ನ ಮೈಮೇಲೆ ಒಳಗೊಂದು ಉಣ್ಣೆ, ಅದರ ಮೇಲೊಂದು ಉಣ್ಣೆ, ಅಳಿಯಂದಿರ ಜಾಕೆಟ್ಟು, ಬೂಟಿನ ತಳಕ್ಕೆ ರಬ್ಬರಿನಲ್ಲಿ ಕಟ್ಟುವ ಕಬ್ಬಿಣದ ಮುಳ್ಳು. ಚೀಲದಲ್ಲಿ ಹಾವೇರಿಯಿಂದ ಹೊತ್ತು ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ರಂಜಕದ ಪುಟ್ಟ ಡಬ್ಬಿ. ಮತ್ತೆ, ಯಾರಿಗೂ ಹೇಳದೆ, ನನ್ನ ಹಳೆಯ ಸ್ಟಾಪ್‌ವಾಚು.

ಇಂಟರ್‌ಲಾಕೆನ್‌ನಿಂದ ಲೌಟರ್‌ಬ್ರುನೆನ್‌ವರೆಗೆ ರೈಲು ಸುಮಾರಾಗಿಯೇ ಇತ್ತು. ಅಲ್ಲಿಂದ ಮುಂದೆ ಜಾತ್ರೆ. ವೆಂಗೆನ್‌ಗೆ ಕಾರಿನ ರಸ್ತೆಯೇ ಇಲ್ಲ. ಇಡೀ ಜಗತ್ತು ಒಂದೇ ಹಲ್ಲುಹಳಿಯ ರೈಲಿನಲ್ಲಿ ಹತ್ತಬೇಕು. ಹಳಿಗಳ ನಡುವೆ ಹಲ್ಲಿನ ಪಟ್ಟಿ, ಬಂಡಿಯ ಕೆಳಗೆ ಹಲ್ಲಿನ ಗಾಲಿ, ಒಂದಕ್ಕೊಂದು ಕಚ್ಚಿಕೊಂಡು ಏರುವುದು. 1893ರಿಂದ ಹೀಗೇ ಏರುತ್ತಿದೆ. ಮೂವತ್ತು ಸಾವಿರಕ್ಕೂ ಮೇಲೆ ಜನ ಬರುವ ದಿನ, ಊರಿನ ಜನ ಸಾವಿರದ ಚಿಲ್ಲರೆ. ಮೈಲಾರದ ಕಾರ್ಣಿಕಕ್ಕೆ ಹೋಗುವ ಬಸ್ಸು ಹತ್ತಿ ರೂಢಿಯಿದ್ದವಳು ನಾನು. ಮಗಳು ಇನ್ನೂ 'ಸಾರಿ, ಸಾರಿ' ಎನ್ನುತ್ತ ನಿಂತಿದ್ದಾಗ ಒಳಗೆ ಸೀಟು ಹಿಡಿದು ಅವಳನ್ನು ಕರೆದೆ. ಪಕ್ಕದ ಅಜ್ಜನ ತೊಡೆಯ ಮೇಲೆ ಅಂಗೈಯಗಲದ ಗಂಟೆ. ಎದುರಿನ ಹುಡುಗರ ಕೈಯಲ್ಲಿ ಅದಕ್ಕೂ ದೊಡ್ಡದು. ಎಲ್ಲವೂ ಆಕಳ ಕೊರಳಿನ ಗಂಟೆಗಳು. ರೈಲು ತಿರುವಿಗೆ ಬಂದಾಗಲೆಲ್ಲ ಡಬ್ಬಿಯ ತುಂಬ ಢಣಢಣ. ನಮ್ಮಲ್ಲಿ ಓಡುವ ಹೋರಿಗೆ ಗೆಜ್ಜೆ ಕಟ್ಟುತ್ತೇವೆ. ಇಲ್ಲಿ ನೋಡಲು ಬಂದವರೇ ಕಟ್ಟಿಕೊಂಡಿದ್ದರು.

ವೆಂಗೆನ್ ದಾಟಿ ಇನ್ನೂ ಮೇಲೆ, ವೆಂಗೆರ್ನಾಲ್ಪ್ ಸ್ಟೇಷನ್ನಿನಲ್ಲಿ ಇಳಿದೆವು. ಎದುರಿಗೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಶಿಖರ ಸಾಲಾಗಿ. ಅವುಗಳ ವರ್ಣನೆ ಬೇರೆಯವರು ಸಾಕಷ್ಟು ಮಾಡಿದ್ದಾರೆ, ನನ್ನ ಕಣ್ಣು ಕಾಲಿನ ಮೇಲಿತ್ತು. ತುಳಿದು ತುಳಿದು ನುಣ್ಣಗಾದ ಹಿಮದ ದಾರಿ. ಮುಳ್ಳು ಕಟ್ಟಿದ್ದೇನೆಂಬ ಧೈರ್ಯದಲ್ಲಿ ಒಂದು ತಿರುವಿನಲ್ಲಿ ದೊಡ್ಡ ಹೆಜ್ಜೆ ಇಟ್ಟೆ. ಆಮೇಲೆ ಆಕಾಶ ಕಂಡಿತು. ಅಂಗಾತ ಬಿದ್ದಿದ್ದೆ, ಬಲಗಾಲಿನ ಮುಳ್ಳಿನ ಪಟ್ಟಿ ಕಳಚಿ ನಾಲ್ಕು ಮಾರು ಕೆಳಗೆ. ಪೆಟ್ಟೇನೂ ಇಲ್ಲ, ಬೆನ್ನ ಮೇಲಿನ ರೊಟ್ಟಿಯ ಗಂಟು ಮಾತ್ರ ಪುಡಿ. ಇಬ್ಬರು ಹುಡುಗರು ತೋಳು ಹಿಡಿದು ಎಬ್ಬಿಸಿದರು. ಮಗಳು ನನ್ನ ಬೆನ್ನಿನ ಹಿಮ ಝಾಡಿಸುತ್ತ, "ಇನ್ಮ್ಯಾಲೆ ನಕ್ಷಾದಾಗ ಇದಕ್ಕ ಹಾವೇರಿ ಕಾರ್ನರ್ ಅಂತ ಬರೀತಾರ ನೋಡು" ಎಂದಳು.

ನಾಯಿತಲೆಯ ಕೆಳಗೆ, ಬಲೆಯ ಈಚೆ, ಜಾಗ ಸಿಕ್ಕಿತು. ಸಿಕ್ಕಿತು ಎಂದರೆ ಸುಳ್ಳು, ನುಸುಳಿದೆ. ಮೊದಲು ಕೆಂಪು-ಬಿಳಿ ಬಣ್ಣದ ಜೆಟ್ ವಿಮಾನಗಳು ಕಣಿವೆಯ ತುಂಬ ಗುಡುಗಿ ಹೋದವು. ಜನಕ್ಕೆ ಅದೂ ಒಂದು ಹಬ್ಬ, ನನಗೆ ಕಿವಿನೋವು. ಆಮೇಲೆ ಧ್ವನಿವರ್ಧಕದಲ್ಲಿ ಜರ್ಮನ್ ಭಾಷೆ. ಆಮೇಲೆ ಬರೀ ಕಾಯುವುದು.

ಮೊದಲು ಬಂದದ್ದು ಗಂಟೆಗಳ ಸದ್ದು, ಮೇಲಿನ ಇಳಿಜಾರಿನಲ್ಲಿ ನಿಂತವರದು. ಅಲ್ಲಿಂದ ನಮ್ಮ ಕಡೆಗೆ ಅದು ಗಾಳಿಯಂತೆ ಇಳಿದು ಬಂತು. ಅದರೊಳಗಿಂದ ಇನ್ನೊಂದು ಸದ್ದು, ಸಲಿಕೆಯಿಂದ ಹಾಸುಗಲ್ಲು ಕೆರೆದಂತೆ: ಹಿಮವಲ್ಲ ಅದು, ಮಂಜುಗಡ್ಡೆ, ಅದರ ಮೇಲೆ ಸ್ಕೀಯ ಉಕ್ಕಿನ ಅಂಚು. ನಾನು ಬಂಡೆಯ ಮೂತಿಯನ್ನೇ ನೋಡುತ್ತಿದ್ದೆ. ಏನೂ ಇಲ್ಲ. ಏನೂ ಇಲ್ಲ. ಅಲ್ಲೇ, ನೀಲಿ ಆಕಾಶದಲ್ಲಿ, ಎರಡು ಸ್ಕೀಗಳ ತಳ. ಮೊದಲು ತಳ ಕಂಡಿತು, ಆಮೇಲೆ ಮನುಷ್ಯ. ಮೊಣಕಾಲು ಎದೆಗೆ ಒತ್ತಿ, ಕೈ ಎರಡೂ ಮುಂದೆ, ಕೆಳಗೆ ಏನಿದೆ ಎಂದು ಕಾಣುವ ಮೊದಲೇ ಹಾರಿದವನು. ನೆಲ ಮುಟ್ಟಿದಾಗ ಒಗೆಯುವ ಕಲ್ಲಿಗೆ ಒದ್ದೆ ಧೋತರ ಬಡಿದ ಸದ್ದು. ತೊಡೆ ನಡುಗಿದ್ದು ಬಟ್ಟೆಯ ಮೇಲಿಂದಲೇ ಕಂಡಿತು. ಕನ್ನಡಕದ ಹಿಂದಿನ ಕಣ್ಣು ಕಾಣಲಿಲ್ಲ ಸರಿ, ಆದರೆ ಬಾಯಿ ಕಂಡಿತು, ತೆರೆದ ಬಾಯಿ. ಮುಖಕ್ಕೆ ಹಿಮದ ಚೂರು ಸಿಡಿದು ನಾನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಿನ್ಶ್ ಅಂಚಿನಾಚೆ ಮಾಯ.

"ಇಷ್ಟೇನಾ?" ಎಂದಳು ಮಗಳು.

ಇಷ್ಟೇ. ಎರಡನೆಯವನಿಗೆ ಜೇಬಿನಲ್ಲೇ ಸ್ಟಾಪ್‌ವಾಚ್ ಒತ್ತಿದೆ. ಬಂಡೆಯ ಮೇಲೆ ಕಂಡದ್ದರಿಂದ ಮರೆಯಾಗುವವರೆಗೆ ಮೂರು ಸೆಕೆಂಡಿನ ಮೇಲೆ ಚೂರು. ಮೂವತ್ತು ಜನರನ್ನು ನೋಡಿದರೂ ಕೂಡಿಸಿದರೆ ಎರಡು ನಿಮಿಷವಾಗುವುದಿಲ್ಲ, ಒಬ್ಬನ ಪೂರ್ತಿ ಓಟಕ್ಕಿಂತ ಕಡಿಮೆ. ಅದಕ್ಕೆ ಎರಡು ತಾಸು ಚಳಿಯಲ್ಲಿ ನಿಲ್ಲುವುದು ದಡ್ಡತನವೆಂದು ಟಿ.ವಿ. ನೋಡುವವರು ಅಂದಾರು. ಆದರೆ ಟಿ.ವಿ.ಯಲ್ಲಿ ಇಳಿಜಾರು ಇಳಿಜಾರಾಗಿ ಕಾಣುವುದಿಲ್ಲ. ಅಖಾಡದಲ್ಲಿಯೂ ಹೋರಿ ಒಬ್ಬೊಬ್ಬರ ಮುಂದೆ ಇರುವುದು ಇಷ್ಟೇ ಹೊತ್ತು, ಅದಕ್ಕಾಗಿ ಗಂಡಸರು ಬೆಳಗಿನಿಂದ ಜಾಗ ಹಿಡಿಯುತ್ತಿದ್ದರು. ಯಾಕೆ ಹಿಡಿಯುತ್ತಿದ್ದರೆಂದು ನನಗೆ ಗೊತ್ತಾದದ್ದು ಐವತ್ತೊಂಬತ್ತನೇ ವಯಸ್ಸಿನಲ್ಲಿ, ಆಲ್ಪ್ಸ್‌ನಲ್ಲಿ.

ನಾಲ್ಕೈದು ಜನ ಹೋದ ಮೇಲೆ ವ್ಯತ್ಯಾಸ ತಿಳಿಯತೊಡಗಿತು. ಕೆಲವರು ಮೂತಿಯ ಮೇಲೆ ಎತ್ತರಕ್ಕೆ ಹಾರಿ ಗಾಳಿಯಲ್ಲಿ ಕೈ ಬೀಸುತ್ತಿದ್ದರು. ಅದು ನೋಡಲು ಚೆಂದ, ಆದರೆ ಹೊತ್ತು ಹಾಳು. ದೂರದ ಪರದೆಯಲ್ಲಿ ಅವರ ಸಮಯ ಕೆಂಪಗೆ ಬರುತ್ತಿತ್ತು, ಅಂದರೆ ಹಿಂದೆ. ಹಸಿರು ಬಂದವರು ಹಾರುವ ಮೊದಲೇ ಮೈ ಕುಗ್ಗಿಸಿ, ಬಂಡೆಗೆ ಒರಸಿಕೊಂಡಂತೆ ಇಳಿದು ಹೋಗುತ್ತಿದ್ದರು. ಉದ್ದ ಜಿಗಿತದಲ್ಲಿ ಮೇಲಕ್ಕೆ ಹಾರುವ ಹುಡುಗಿಯರಿಗೆ ಎಷ್ಟು ಬೈದಿಲ್ಲ ನಾನು! ಒಬ್ಬ ಅಂಚಿನಲ್ಲಿ ದಾರಿ ತಪ್ಪಿ, ಅಡ್ಡಡ್ಡ ಜಾರಿ, ಬಲೆಗೆ ಮುಂಚೆ ಹೇಗೋ ನಿಂತ. ಆ ಒಂದು ಗಳಿಗೆ ಗಂಟೆಗಳೆಲ್ಲ ಸ್ತಬ್ಧ, ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದಹಾಗೆ. ಅವನು ಕೈ ಎತ್ತಿ ತೋರಿಸಿದ ಮೇಲೆಯೇ ಮತ್ತೆ ಸದ್ದು.

ಆ ಬಲೆಗಳ ಹಿಂದೆ ಒಂದು ಕಥೆಯಿದೆ. 1991ರಲ್ಲಿ ಇಪ್ಪತ್ತು ವರ್ಷದ ಆಸ್ಟ್ರಿಯಾದ ಗೆರ್ನೋಟ್ ರೈನ್‌ಸ್ಟಾಡ್ಲರ್ ಗುರಿಯ ಸಮೀಪದ ತಿರುವಿನಲ್ಲಿ ಬಿದ್ದು, ಸ್ಕೀ ಬಲೆಯಲ್ಲಿ ಸಿಕ್ಕಿ ತೀರಿಕೊಂಡ. ಆ ವರ್ಷ ರೇಸನ್ನೇ ರದ್ದು ಮಾಡಿದರು. ಇದನ್ನು ಹೇಳಿದ್ದು ಪಕ್ಕದಲ್ಲಿ ನಿಂತ ಒಬ್ಬ ಅಜ್ಜಿ, ಮಗಳ ಬಾಯಿಂದ ನನಗೆ ಕನ್ನಡವಾಯಿತು. ಹೇಳಿ ಮುಗಿಸಿ ಅವರು ಸುಮ್ಮನೆ ತಮ್ಮ ಗಂಟೆಯ ನಾಲಗೆ ಹಿಡಿದುಕೊಂಡು ನಿಂತರು.

ಆಮೇಲೆ "ನಿಮ್ಮ ದೇಶದಲ್ಲಿ ಸ್ಕೀ ಉಂಟೇ?" ಎಂದು ಕೇಳಿದರು. ಗುಲ್ಮಾರ್ಗ್‌ನ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಒಬ್ಬನೇ ಹೋಗಿದ್ದ ಎಂದೆ. ನಮ್ಮ ರಾಜ್ಯದ ಕೊಡಗಿನ ಭವಾನಿ ತೆಕ್ಕಡ ಹಿಮದ ಬಯಲಿನ ದೂರದ ಸ್ಕೀ ಓಡುತ್ತಾಳೆ ಎಂದೂ ಸೇರಿಸಿದೆ. ಕೊಡಗಿನಲ್ಲಿ ಹಿಮ ಬೀಳುತ್ತದೆಯೇ ಎಂದರು. ಇಲ್ಲ, ಮಳೆ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಪುಡಿಯಾದ ರೊಟ್ಟಿಗೆ ರಂಜಕ ಹಚ್ಚಿ ಅಂಗೈ ಮೇಲೆ ಇಟ್ಟೆ. ತಿಂದರು. ಕಣ್ಣಲ್ಲಿ ನೀರು ಬಂತು, ಮತ್ತೆ ಕೈ ಚಾಚಿದರು.

ಸ್ವಿಸ್ಸಿನ ಮಾರ್ಕೋ ಓಡರ್‌ಮಟ್ ಬಂದಾಗ ನನ್ನ ಎದೆಯ ಮೂಳೆ ಕೂಡ ಗಂಟೆಯಾಗಿ ಅದುರಿತು. 'ಹೊಪ್ ಹೊಪ್ ಹೊಪ್' ಎಂದು ಎಲ್ಲರೂ, ನಾನೂ. ಅವನೇ ಗೆದ್ದ. ಎರಡನೆಯವನೂ ಸ್ವಿಸ್ಸಿನವನೇ, ಫ್ರಾನ್ಯೋ ಫಾನ್ ಆಲ್ಮೆನ್, ಹಿಂದಿನ ದಿನದ ಸೂಪರ್-ಜಿ, ಅಂದರೆ ಡೌನ್‌ಹಿಲ್‌ಗಿಂತ ತಿರುವು ಹೆಚ್ಚಿರುವ ಇಳಿತ, ಗೆದ್ದವನು. ಮೂರನೆಯವನು ಸ್ಲೊವೇನಿಯಾದ ಮಿಹಾ ಹ್ರೊಬಾಟ್. ಅಜ್ಜಿಗೆ ಫಾನ್ ಆಲ್ಮೆನ್ ಮೇಲೆ ಹೆಚ್ಚು ಪ್ರೀತಿ. ಬಡಗಿ ಕೆಲಸ ಕಲಿತ ಹುಡುಗನಂತೆ, ತಂದೆ ತೀರಿಕೊಂಡ ಮೇಲೆ ಜನ ಹಣ ಕೂಡಿಸಿ ಕೊಟ್ಟದ್ದಕ್ಕೆ ಸ್ಕೀ ಬಿಡಲಿಲ್ಲವಂತೆ. ಗುರಿಯಲ್ಲಿ ಏನಾಯಿತು, ಯಾರು ಯಾರನ್ನು ಅಪ್ಪಿಕೊಂಡರು, ನನಗೆ ತಿಳಿಯದು. ಅದನ್ನು ಮಗಳು ರಾತ್ರಿ ಟಿ.ವಿ.ಯಲ್ಲಿ ನೋಡಿದಳು, ನಾನು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ.

ಫೆಬ್ರುವರಿಯಲ್ಲಿ ಊರಿಗೆ ಬಂದೆ. ಅಣ್ಣ ಹಿತ್ತಲಲ್ಲಿ ಹೋರಿಯ ಮೈ ತೊಳೆಯುತ್ತಿದ್ದ. ಮೊಬೈಲಿನಲ್ಲಿ ಹಿಡಿದದ್ದನ್ನು ತೋರಿಸಿದೆ. ಬಂಡೆಯ ಮೂತಿ, ಗಂಟೆಯ ಸದ್ದು, ಆಕಾಶದಲ್ಲಿ ಎರಡು ಸ್ಕೀ, ಮಾಯ. ಒದ್ದೆ ಕೈಯಲ್ಲೇ ಫೋನು ಹಿಡಿದು ಮೂರು ಸಲ ನೋಡಿದ. ಹೋರಿಯೂ ಸದ್ದಿಗೆ ಕಿವಿ ನಿಮಿರಿಸಿತು.

"ಎಲ್ಲಾ ಬರೋಬ್ಬರಿ ಐತಿ" ಎಂದ. "ಹಿಡಿಯೋರು ಎಲ್ಲದಾರ?"

"ಹಿಡಿಯೋರು ಯಾರೂ ಇಲ್ಲಣ್ಣಾ."

"ಯಾರೂ ಹಿಡಿಯಂಗಿಲ್ಲಾ?" ಅಣ್ಣ ಫೋನು ನನ್ನ ಕೈಗೆ ಕೊಟ್ಟು ತಂಬಿಗೆ ಎತ್ತಿಕೊಂಡ. "ಮತ್ತ ಹಂಗ್ಯಾಕ ಓಡ್ತಾರ?"