ಬಿಸಿಲಿಗೆ ರೆಡಿಯಾಗಿ ಹೋಗಿ ಚಳಿಗೆ ಸಿಕ್ಕಿಬಿದ್ದ ಕಥೆ

ಮಕ್ಕಳನ್ನ ಕರ್ಕೊಂಡು ಮರುಭೂಮೀಲಿ ಎರಡು ರಾತ್ರಿ ಟೆಂಟ್ ಹಾಕ್ತೀವಿ ಅಂದಾಗ ಎಲ್ರೂ ಕೇಳಿದ್ದು ಒಂದೇ, ಬಿಸಿಲು ತಡ್ಕೊಳ್ತಾವಾ ಅಂತ. ನಾನೂ ಅದನ್ನೇ ತಲೇಲಿಟ್ಕೊಂಡು ಟೋಪಿ, ಸನ್‌ಸ್ಕ್ರೀನ್, ತೆಳು ಕಾಟನ್ ಬಟ್ಟೆ ಎಲ್ಲಾ ತುರುಕಿದೆ, ಸ್ವೆಟರ್ ಮಾತ್ರ ತಲೆಗೊಂದು, ಅದೂ ಇರ್ಲಿ ಬಿಡು ಅಂತ. ಮೊದಲ ರಾತ್ರೀನೇ ಬುದ್ಧಿ ಬಂತು. ಅಲ್ಲಿ ಗಾಳೀಲಿ ತೇವ ಇಲ್ಲ, ಮೇಲೆ ಮೋಡ ಇಲ್ಲ, ಹಗಲೆಲ್ಲಾ ಕಾದ ಮರಳು ಸೂರ್ಯ ಮುಳುಗಿದ್ದೇ ತಡ ಇದ್ದಬದ್ದ ಬಿಸೀನೆಲ್ಲಾ ಆಕಾಶಕ್ಕೆ ಬಿಟ್ಟುಬಿಡುತ್ತೆ, ಸಂಜೆ ಬರಿಗಾಲಲ್ಲಿ ಕುಣೀತಿದ್ದ ಮಗಳು ರಾತ್ರಿ ಎರಡು ಗಂಟೆಗೆ ಹಲ್ಲು ಕಟಕಟ ಅಂತ ನಡುಗ್ತಾ ನನ್ನ ಸ್ಲೀಪಿಂಗ್ ಬ್ಯಾಗಿಗೇ ನುಗ್ಗಿದ್ಲು, ಕಾಲ್ಚೀಲದ ತುಂಬಾ ಮರಳು ಬೇರೆ, ಬೆಳಗಿನ ತನಕ ಇಬ್ರಿಗೂ ನಿದ್ದೆ ಇಲ್ಲ. ಮೇಲೆ ಎಷ್ಟು ಹೊದ್ಕೊಂಡ್ರೂ ಅಷ್ಟೇ, ಕೆಳಗೆ ದಪ್ಪ ಮ್ಯಾಟ್ ಇಲ್ದಿದ್ರೆ ನೆಲಾನೇ ಮೈ ಬಿಸಿ ಹೀರ್ಕೊಳ್ಳುತ್ತೆ.

ಟೆಂಟ್‌ದು ಇನ್ನೊಂದು ಗೋಳು. ಗೂಟ ಹೊಡೆದ್ರೆ ಸಲೀಸಾಗಿ ಇಳಿಯುತ್ತೆ, ಸ್ವಲ್ಪ ಗಾಳಿ ಎಳೆದ್ರೆ ಬೆಣ್ಣೇಲಿ ಕೂದಲು ತೆಗೆದ ಹಾಗೆ ಆಚೆ ಬರುತ್ತೆ. ಕೊನೆಗೆ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಮೊಣಕಾಲುದ್ದ ಗುಂಡಿ ತೋಡಿ ಹೂತ್ವಿ. ಟ್ರಿಪ್ಪಲ್ಲಿ ಮಕ್ಕಳಿಗೆ ಇದಕ್ಕಿಂತ ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ. ಅಂದಹಾಗೆ ನಾನು ಮೊದಲು ಆರಿಸಿದ್ದು ಒಣಗಿದ ಹಳ್ಳ, ಗಟ್ಟಿ ನೆಲ, ಗಾಳಿಗೆ ಮರೆ, ಚೆನ್ನಾಗೇ ಕಾಣ್ತಿತ್ತು. ಜೊತೆಗಿದ್ದ ಗೈಡ್ ಬೇಡವೇ ಬೇಡ ಅಂದ್ರು. ದೂರದಲ್ಲೆಲ್ಲೋ ಮಳೆ ಸುರಿದ್ರೂ ನೀರು ಆ ಹಳ್ಳ ಹಿಡ್ಕೊಂಡೇ ನುಗ್ಗುತ್ತೆ, ನಮ್ಮ ತಲೆ ಮೇಲೆ ಒಂದು ಹನಿ ಬೀಳದೇ ಇದ್ರೂ.

ನೀರು ದೊಡ್ಡವರಿಗೆ ದಿನಕ್ಕೆ 4 ಲೀಟರ್ ಅಂತ ಲೆಕ್ಕ ಇಟ್ಕೊಂಡು, ಅದರ ಮೇಲೆ ಇನ್ನಷ್ಟು ಒಯ್ದಿದ್ವಿ. ಆದ್ರೆ ಮಕ್ಕಳು ನೀರು ಬೇಕು ಅಂತ ಕೇಳೋದೇ ಇಲ್ಲ ಕಣ್ರೀ. ಒಣ ಗಾಳಿಗೆ ಬೆವರು ಬಂದ ಹಾಗೇ ಆರಿಹೋಗುತ್ತೆ, ಬೆವರಿದ್ದೇ ಗೊತ್ತಾಗಲ್ಲ. ಅದಕ್ಕೆ ಉಚ್ಚೆ ಬಣ್ಣ ನೋಡಿ ಹೇಳಿ ಅಂತ ರೂಲ್ ಮಾಡಿದ್ವಿ, ಗಾಢ ಹಳದಿ ಇದ್ರೆ ಆಟ ಬಂದ್, ನೆರಳಲ್ಲಿ ಕೂತು ನೀರು ಕುಡೀಬೇಕು. ಮಗ ದಿಬ್ಬದ ಆಚೆಯಿಂದ "ಅಮ್ಮಾ, ನಂದು ನಿಂಬೆಹಣ್ಣಿನ ಕಲರ್, ಓಕೆನಾ" ಅಂತ ಕೂಗಿದ್ದು ಪಕ್ಕದ ಟೆಂಟಿನವರಿಗೂ ಕೇಳಿಸ್ತು.

ಬೂಟು ಕೊಡವಿ ಹಾಕ್ಕೊಳ್ಳಿ ಅಂತ ನಾನು ಹೇಳಿ ಹೇಳಿ ಬಾಯಿ ನೋಯಿಸ್ಕೊಂಡೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಎರಡನೇ ರಾತ್ರಿ ಗೈಡ್ ಅಲ್ಟ್ರಾವಯಲೆಟ್ ಟಾರ್ಚ್ ತೆಗೆದ್ರು. ಆ ಬೆಳಕಿಗೆ ಚೇಳು ಹೊಳೆಯುತ್ತೆ, ಅಂಥ ಗುಣ ಅದರ ಚಿಪ್ಪಿಗಿದೆ. ಟೆಂಟಿಂದ ಇಪ್ಪತ್ತು ಹೆಜ್ಜೆ ಆಚೆ, ಕುರುಚಲು ಗಿಡದ ಬುಡದಲ್ಲಿ, ಹಸಿರು ರೇಡಿಯಂ ಸ್ಟಿಕ್ಕರ್ ಥರ ಒಂದು ಕೂತಿತ್ತು, ಬಾಲ ಎತ್ಕೊಂಡು. ಮಕ್ಕಳಿಬ್ರೂ ಉಸಿರು ಬಿಡ್ಲಿಲ್ಲ.

ವಾಪಸ್ ಬಂದು ವಾರ ಆಯ್ತು. ಇವತ್ತು ಬೆಳಿಗ್ಗೇನೂ ಮಗ ಸ್ಕೂಲ್ ಶೂನ ಎರಡು ಸಲ ಕೊಡವಿ, ಒಳಗೆ ಇಣುಕಿ ನೋಡೇ ಕಾಲು ಹಾಕಿದ.